ಒತ್ತಿ ತಿರುಗಿಸುವ ಮುಚ್ಚಳ

ಮನೆಯಿಂದ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು
ಮಾರ್ಚ್ ೧೧, ಸೋಮವಾರ ಸಂಜೆ

ಪ್ರೀತಿಯ ಅತ್ತೆಗೆ ಸೊಸೆಯ ನಮಸ್ಕಾರ.

ಮೊದಲು ನಿಮ್ಮ ಬೆರಳುಗಳ ಸಮಾಚಾರ ತಿಳಿಸಿ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮಡಚಲು ಬರುತ್ತವೆ? ಜಡೆ ನೀವೇ ಹೆಣೆದುಕೊಳ್ಳುತ್ತೀರೋ, ನಾದಿನಿ ಹೆಣೆಯುತ್ತಾಳೋ? ಮಗಳ ಬಾಣಂತನಕ್ಕೆ ಹೋದವರು ನೀವು, ಅವಳ ಕೈಯಲ್ಲಿ ಮಾಡಿಸಿಕೊಳ್ಳುವ ಹಾಗಾಗಬಾರದು. ಕೂಸು ಎರಡೂ ಮುಷ್ಟಿ ಬಿಗಿದುಕೊಂಡೇ ನಿದ್ದೆ ಮಾಡುತ್ತದಂತೆ. ಯಾರ ಮೊಮ್ಮಗಳು ಅಂತ ಬೇರೆ ಕೇಳಬೇಕೇ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಅಡುಗೆ ಕಲಿಯುತ್ತಿದ್ದಾರೆ. ತಳ ಹಿಡಿಸಿ, ಅದೇ ರುಚಿ ಎಂದು ವಾದ ಮಾಡುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತನ್ನೂ ನೀವೇ ಆಡಿ ಮುಗಿಸುತ್ತೀರಿ. ಕಾಗದವಾದರೆ ಕೊನೆಯ ತನಕ ಓದಲೇಬೇಕು. ನೀವು ತರಿಸಿಕೊಂಡು ನುಂಗುವ ಆ ಏಳು ಶಕ್ತಿಗುಳಿಗೆ ಬಾಟಲಿಗಳ ವಿಷಯವೂ ಇದೆ, ಅದು ಕೊನೆಗೆ.

ಮೊದಲು ಲಾಂಡ್ರಿಯ ಸುದ್ದಿ. ಸಂಧಿವಾತ ಇರುವ ನಾವು ಏಳು ಹೆಂಗಸರು ಕೊಟ್ಟ ಅರ್ಜಿ ನಿಮಗೆ ಗೊತ್ತು. ಬೇಡಿಕೆ ಮೂರೇ: ತೊಳೆಯುವ ತೊಟ್ಟಿಗೆ ಬಿಸಿನೀರಿನ ನಲ್ಲಿ, ಮಡಿಸುವ ಮೇಜಿನ ಹತ್ತಿರ ಸ್ಟೂಲು, ಬೆಳಿಗ್ಗೆ ಬೆರಳು ಬಿಡಿಸಿಕೊಳ್ಳಲು ಅರ್ಧ ಗಂಟೆ. ಹೋದ ತಿಂಗಳು ಮೇನೇಜರು ಎಲ್ಲರನ್ನೂ ಸೇರಿಸಿ, ಹೂವಿನ ಕುಂಡದ ಪಕ್ಕ ನಿಂತು ಭಾಷಣ ಮಾಡಿದ. ಕಂಪನಿಗೆ ನಿಮ್ಮ ಮೇಲೆ ಕಾಳಜಿ ಇದೆ ಎಂದ. ಎಂದವನು ಏಳು ಜನಕ್ಕೂ ಒಂದೊಂದು ಬಾಟಲಿ ಹಂಚಿದ. ಎಲ್ಲ ಬಗೆಯ ವಿಟಮಿನ್ನು, ಮೀನೆಣ್ಣೆ, ಅರಿಶಿನದ ಸತ್ವ, ಎಲ್ಲ ಒಂದೇ ಗುಳಿಗೆಯಲ್ಲಿ. "ದಿನಕ್ಕೆರಡು ನುಂಗಿ, ನೋವು ಊತ ಎರಡೂ ಮಾಯ." ನೀರು ತಣ್ಣಗೇ ಇರುತ್ತದೆ, ನಾವು ನಿಂತೇ ಇರುತ್ತೇವೆ, ಗುಳಿಗೆ ಮಾತ್ರ ನಮ್ಮ ಹೊಟ್ಟೆಯೊಳಗೆ ಕೆಲಸ ಮಾಡಬೇಕು. ಕೇಳಿ ಮೈ ಉರಿದುಹೋಯಿತು.

ನಾನು ಬಾಯಿ ತೆರೆಯುವ ಮುಂಚೆಯೇ ಇಸ್ತ್ರಿ ಅಕ್ಕ ಎದ್ದಳು. "ಆಗ್ಲಿ ಸ್ವಾಮಿ, ನಿಮ್ಮ ಕಣ್ಣೆದುರಿಗೇ ನುಂಗ್ತೀವಿ" ಎಂದು ಮುಚ್ಚಳಕ್ಕೆ ಕೈ ಹಾಕಿದಳು. ಅದು ಒತ್ತಿ ಹಿಡಿದು ತಿರುಗಿಸುವ ಮುಚ್ಚಳ, ಮಕ್ಕಳ ಕೈಗೆ ಸಿಗಬಾರದೆಂದು ಮಾಡಿದ್ದು. ನಮ್ಮ ಕೈಗೂ ಸಿಗಲಿಲ್ಲ. ಅವಳಿಂದಾಗಲಿಲ್ಲ, ನನ್ನ ಪಕ್ಕದವಳು ಸೆರಗು ಸುತ್ತಿ ನೋಡಿದಳು, ಇನ್ನೊಬ್ಬಳು ಹಲ್ಲು ಹಚ್ಚಿದಳು. ಆರು ತಿಂಗಳಿಂದ ಡಾಕ್ಟರಮ್ಮ ಕೊಟ್ಟ ವಾರದ ಮಾತ್ರೆ ತಪ್ಪಿಸದ ನಾನು ಒಬ್ಬಳೇ ತೆಗೆಯಬಹುದಿತ್ತು; ಸುಮ್ಮನೆ ಕೈಕಟ್ಟಿ ನಿಂತೆ. ಮೇನೇಜರು ಬೆವರುತ್ತ ಒಂದೊಂದಾಗಿ ತಾನೇ ತೆಗೆದುಕೊಟ್ಟ. ಇಸ್ತ್ರಿ ಅಕ್ಕ ತಣ್ಣಗೆ ಕೇಳಿದಳು: "ನಾಳೆ ಬೆಳಿಗ್ಗೆ ನಮ್ಮನೆಗೂ ಬರ್ತೀರಾ, ಮುಚ್ಚಳ ತೆಗೆಯೋಕೆ?" ಲಾಂಡ್ರಿಗೆ ಲಾಂಡ್ರಿಯೇ ನಕ್ಕಿತು. ಇದೇ ಲಾಂಡ್ರಿಯಲ್ಲಿದ್ದಾಗ ಒದ್ದೆ ಬೆಡ್‌ಶೀಟು ಹೊದ್ದು ಗೇಟಿನಲ್ಲಿ ಧರಣಿ ಕೂತು, ಹಿಂಡುವ ಮಿಷನ್ನು ತರಿಸಿದ ನಿಮ್ಮ ಶಿಷ್ಯೆಯರು ಅತ್ತೆ ನಾವು. ನಾಲ್ಕನೆಯ ದಿನ ನಲ್ಲಿಯಲ್ಲಿ ಬಿಸಿನೀರು ಬಂತು. ಸ್ಟೂಲುಗಳೂ ಬಂದಿವೆ, ಒಂದರ ಕಾಲು ಅಲ್ಲಾಡುತ್ತದೆ, ಅದನ್ನು ಸೂಪರ್‌ವೈಜರಿಗೇ ಬಿಟ್ಟಿದ್ದೇವೆ. ಅರ್ಧ ಗಂಟೆಯ ಜಗಳ ಇನ್ನೂ ನಡೆದಿದೆ. ಬೆಳಿಗ್ಗೆ ಏಳೂ ಜನ ಬಿಸಿನೀರಿಗೆ ಕೈ ಇಳಿಬಿಟ್ಟು ನಿಲ್ಲುತ್ತೇವೆ. ಆ ಸುಖ ನಿಮ್ಮ ಕೈಗೂ ಸಿಗಬೇಕಿತ್ತು ಅನ್ನಿಸುತ್ತದೆ.

ಆ ಶನಿವಾರ ಇಸ್ತ್ರಿ ಅಕ್ಕನ ಜೊತೆ ನಮ್ಮ ಕೀಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಕಂಪನಿಯ ಬಾಟಲಿಯನ್ನೂ, ನಿಮ್ಮ ಏಳು ಬಾಟಲಿಗಳ ಹೆಸರು ಬರೆದ ಚೀಟಿಯನ್ನೂ ಮುಂದಿಟ್ಟೆ. ಆಕೆ ಬೈಯಲಿಲ್ಲ. ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇದ್ದರೆ ಅದು ಬೇಕೇ ಬೇಕು ಎಂದರು. ಮೀನೆಣ್ಣೆಯಿಂದ ಕೆಲವರಿಗೆ ಬಿಗಿತ ಒಂದಿಷ್ಟು ಸಡಿಲವಾಗುತ್ತದಂತೆ, ಕೇಳಿ ತೆಗೆದುಕೊಳ್ಳಬೇಕಂತೆ. ಅರಿಶಿನದ ಗಟ್ಟಿ ಸತ್ವ ನಮ್ಮ ವಾರದ ಮಾತ್ರೆಯ ಜೊತೆ ಬೇಡ, ಪಿತ್ತಜನಕಾಂಗಕ್ಕೆ ಪೆಟ್ಟು ಬೀಳಬಹುದು ಎಂದರು. "ಇವೆಲ್ಲ ಕೈಜೋಡಿಸೋಕೆ ಬಂದವು, ಕೆಲಸ ಮಾಡೋದು ಆ ಮಾತ್ರೆ" ಎನ್ನುವುದು ಅವರ ಮಾತು. ಮೈ ಕಾಯುವ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದಂತೆ; ಮನೆ ಕಾಯುವ ಕಾವಲಿನವನೇ ಮನೆಯವರ ಮೇಲೆ ಲಾಠಿ ಬೀಸುವ ರೋಗವಂತೆ ಇದು. ಗೇಟಿನ ಧರಣಿಯಲ್ಲಿ ಪೆಟ್ಟು ತಿಂದ ನಿಮಗೆ ಲಾಠಿ ಎಂದರೇನೆಂದು ನಾನು ಹೇಳಬೇಕಿಲ್ಲ. ಬೀಸುವ ಕೈಯನ್ನು ಹಿಡಿಯದೆ ಪೆಟ್ಟು ತಿಂದವನಿಗೆ ಶಕ್ತಿಯ ಗುಳಿಗೆ ಕೊಟ್ಟರೆ ಏನಾದೀತು?

ಮೆಟ್ಟಿಲ ಮೇಲೆ ಬೆಳಕು ಇಳಿಯುತ್ತಿದೆ. ನಾದಿನಿಗೆ ನನ್ನ ನೆನಪು ಹೇಳಿ, ಕೂಸಿನ ಮುಷ್ಟಿಗೆ ಒಂದು ಮುತ್ತು ಕೊಡಿ, ಬಿಡಿಸಬೇಡಿ.

ನಿಮ್ಮ ಕೈಕೆಳಗೇ ಪಳಗಿದ ಜಗಳಗಂಟಿ,
ಸೊಸೆ

ಮರೆತೆ ಎಂದುಕೊಳ್ಳಬೇಡಿ: ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಯ ಹಿಂದೆ ನಿಮ್ಮ ಒಂಬತ್ತು ಭಾನುವಾರಗಳ ಮಾತ್ರೆ ಸಿಕ್ಕವು. ನಿಮ್ಮ ಆ ಬಾಟಲಿಗಳು ಬಂದ ದಿನದಿಂದ ನೀವು ಮಾತ್ರೆ ಬಿಟ್ಟಿದ್ದೀರಿ. ನನ್ನದೂ ತಪ್ಪಿದೆ, ಒಂಬತ್ತು ವಾರ ದಿನಾ ಬೆಳಿಗ್ಗೆ ಆ ಏಳೂ ಮುಚ್ಚಳ ತೆಗೆದುಕೊಟ್ಟವಳು ನಾನೇ, ಒಮ್ಮೆಯೂ ಯೋಚಿಸಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ: ಈಗ ನೀವಾಗಿಯೇ ಮತ್ತೆ ಶುರು ಮಾಡಬೇಡಿ, ಮೊದಲು ರಕ್ತ ಪರೀಕ್ಷೆ ಆಗಬೇಕಂತೆ. ಮುಂದಿನ ವಾರ, ೨೧ರ ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಕೆಯ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ, ಅಳಿಯಂದಿರು ಕರೆತರುತ್ತಾರೆ. ಏಳು ಬಾಟಲಿಗಳನ್ನೂ ಮುಚ್ಚಳ ಹಾಕಿಯೇ ತನ್ನಿ. ಆಕೆಯ ಮೇಜಿನ ಮೇಲೆ ನೀವೇ ತೆಗೆಯಬೇಕು. ತೆಗೆದರೆ ನಾನು ಸೋತೆ, ಇನ್ನು ಬಾಯಿ ಬಿಡುವುದಿಲ್ಲ. ಆಗದಿದ್ದರೆ ನಾನು ಕೈಕಟ್ಟಿ ನಿಂತಿರುತ್ತೇನೆ.