ಒಳಗೂ ಹಸಿರು

ಅಪ್ಪಾ,

ಇವತ್ತು ನಾಣ್ಯದಂಗಡಿಯವನ ಮೂಗು ಒಡೆದೆ. ನೀನು ಸತ್ತು ಹನ್ನೊಂದು ತಿಂಗಳಾದರೂ ಅವನು ಕಾಲ ಗುರುತಿಸಿ ನೀನು ಕೈಯಾರೆ ಬರೆದುಕೊಟ್ಟಿದ್ದ ಲಕೋಟೆ ತೋರಿಸಿ ಗ್ರೀಕರ ಕಂಚಿನ ನಾಣ್ಯವೊಂದನ್ನು ಮಾರುತ್ತಿದ್ದ. "ಗೂಳಿಯ ಕೊಂಬಿನಡಿ ಹಳೆಯ ಅಚ್ಚಿನ ಮುಖ ಕಾಣುತ್ತದೆ. ಹಳೆಯ ನಾಣ್ಯದ ಮೇಲೇ ಮತ್ತೆ ಅಚ್ಚು ಹೊಡೆದಿದ್ದಾರೆ. ಎರಡು ಸಾವಿರದ ಇನ್ನೂರು ವರ್ಷ ಹಳೆಯದು" ಎಂದು ಬರೆದಿದ್ದೆ ನೀನು.

"ನಮ್ಮಪ್ಪನ ಕೈಲಿ ಇಂಥ ಸುಳ್ಳು ಎಷ್ಟು ಬರೆಸಿದೀಯೋ?" ಎಂದೆ.

"ಲೋ, ಹೆತ್ತಪ್ಪನ್ನೇ ಕಳ್ಳ ಅಂತ ಕರಪತ್ರ ಹಂಚಿದೋನು ನೀನು. ಈಗೆಲ್ಲಿಂದ ಉಕ್ಕಿ ಬಂತೋ ಪ್ರೀತಿ?"

ಆಗಲೇ ಹೊಡೆದದ್ದು. ರಕ್ತ ನಿನ್ನ ಅಕ್ಷರಗಳ ಮೇಲೆ ಬಿತ್ತು.

ಸುತ್ತಿಗೆ ಅವನ ಮೇಜಿನ ಮೇಲೇ ಇತ್ತು. ನಕಲಿ ನಾಣ್ಯಕ್ಕೆ ಹಸಿರು ಮೇಲಷ್ಟೇ ಇರುತ್ತದೆ, ಒಡೆದರೆ ಒಳಗೆ ಹೊಸ ಕಂಚು ಹೊಳೆಯುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಸತ್ಯ ಜನರೆದುರೇ ಸಾಬೀತಾಗಲಿ ಎಂದು ನೆರೆದವರನ್ನು ಹತ್ತಿರ ಕರೆದು ಬಲವಾಗಿ ಬಡಿದೆ. ನಾಣ್ಯ ಬಿಸ್ಕತ್ತಿನಂತೆ ಎರಡಾಯಿತು.

ಒಳಗೂ ಹಸಿರು. ನಟ್ಟನಡುವಿನವರೆಗೂ ಹಸಿರು, ಅಪ್ಪಾ.

ಅಂಗಡಿಯವನು ಮೂಗು ಒತ್ತಿಹಿಡಿದೇ ನಕ್ಕ. "ಹೋಗು, ಇನ್ನೊಂದು ಕರಪತ್ರ ಹಂಚು."

"ಕೂಲಿಗೆ ಸುಳ್ಳು ಕಾಲ ಬರೆಯುವ ಮುದುಕ" ಎಂದು ಆ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆ ನಾನು. ನೀನು ಅದನ್ನು ಓದಿ, ನಾಲ್ಕಾಗಿ ಮಡಚಿ, ಭೂತಗನ್ನಡಿಯ ಪೆಟ್ಟಿಗೆಯಲ್ಲಿಟ್ಟೆ.

ಪೊಲೀಸರು ಮನೆ ಬಾಗಿಲು ಬಡಿಯುತ್ತಿದ್ದಾರೆ. ಎತ್ತಿಕೊಂಡು ಬಂದ ನಾಣ್ಯದ ಎರಡು ಚೂರುಗಳನ್ನೂ ಅದೇ ಪೆಟ್ಟಿಗೆಯಲ್ಲಿ ಇಡಲು ಹೋದೆ. ಕರಪತ್ರ ಇನ್ನೂ ಅಲ್ಲೇ ಇದೆ. ಅದರ ಮೂಲೆಯಲ್ಲಿ, ಲಕೋಟೆಗಳ ಮೇಲೆ ನಾಣ್ಯದ ಕಾಲ ಬರೆಯುವ ಹಾಗೆಯೇ, ನಾನದನ್ನು ಹಂಚಿದ ದಿನದ ತಾರೀಕನ್ನು ನೀನು ಸಣ್ಣದಾಗಿ ಬರೆದಿದ್ದೀಯ.