ಮೂರನೆಯ ಕೊಂಬು

ಬಿಷ್ಕೆಕ್, ಮಾರ್ಚ್ ೨೭, ಗುರುವಾರ

ಥೂ! ರಾತ್ರಿ ಊಟವೂ ಸೇರಲಿಲ್ಲ.

ನಮ್ಮ ಮಾರಾಟದ ವೆಬ್‌ಸೈಟಿಗೆ ಬರುವ 'ನಮ್ಮ ವಿನ್ಯಾಸ ಕದ್ದಿದ್ದಾರೆ' ಎಂಬ ದೂರುಗಳನ್ನು ವಿಚಾರಿಸುವುದು ನನ್ನ ಕೆಲಸ. ಇವತ್ತು ನಾರಿನ್ ಊರಿನಿಂದ ಬುರುಲ್ಚಾ ಎಂಬ ಅಜ್ಜಿ ಫೋನು ಮಾಡಿದರು. ಅವರು ಕೈಯಾರೆ ಮಾಡಿದ ಉಣ್ಣೆಯ ಶಿರ್ದಾಕ್ ಹಾಸಿನ ಫೋಟೋ ತೆಗೆದು, ಯಾರೋ ಯಂತ್ರದಲ್ಲಿ ಅಚ್ಚು ಹಾಕಿಸಿ ನಮ್ಮಲ್ಲೇ ಮಾರುತ್ತಿದ್ದಾನೆ.

"ನಿಮ್ಮದೇ ಅನ್ನೋದಕ್ಕೆ ಸಾಕ್ಷಿ ಇದೆಯಾ ಅಜ್ಜಿ?"

"ಅದರ ಜೋಡಿ ನನ್ನ ಮನೇಲಿದೆ ಮಗಳೇ. ಕೆಂಪು, ಬಿಳಿ ಉಣ್ಣೆಹಾಳೆ ಒಂದರ ಮೇಲೊಂದಿಟ್ಟು ಒಂದೇ ಚಾಕೂನಲ್ಲಿ ಕೊಯ್ದು, ತುಂಡು ಅದಲುಬದಲು ಮಾಡಿ ಎರಡು ಹಾಸು ಹೊಲಿಯೋದಲ್ವಾ? ಮೂರನೇ ಟಗರುಕೊಂಬಿನ ಚಿತ್ತಾರದ ಹತ್ರ ನನ್ನ ಕೈ ಜಾರಿತ್ತು. ಆ ಸೊಟ್ಟ ಎರಡರಲ್ಲೂ ಇದೆ. ಕಳ್ಳ ನನ್ಮಗ ಅದನ್ನೂ ಬಿಟ್ಟಿಲ್ಲ!"

ಜೋಡಿಯ ಚಿತ್ರ ತರಿಸಿಕೊಂಡು ಹೋಲಿಸಿದೆ. ಸೊಟ್ಟ ಅಲ್ಲೇ ಇತ್ತು. ಮಾಲೀಕ ಎರ್ಮೆಕ್‌ಗೆ ತೋರಿಸಿದೆ.

"ಟಗರುಕೊಂಬು ಯಾರಪ್ಪನ ಆಸ್ತಿ? ಬೇಕಿದ್ರೆ ಟಗರೇ ಬಂದು ದೂರು ಕೊಡ್ಲಿ," ಎಂದು ಹಲ್ಲುಕಿರಿದ. ಮಾರುತ್ತಿರುವವನು ಅವನ ಭಾವಮೈದ.

ನಾನು ನನ್ನ ಮೇಜಿಗೆ ವಾಪಸು ಬಂದೆ. 'ಸಾಕ್ಷ್ಯ ಸಾಲದು, ದೂರು ಮುಕ್ತಾಯ' ಎಂದು ಬರೆದು ಅಜ್ಜಿಗೆ ಕಳಿಸಿದೆ. ಕೆಳಗೆ ನನ್ನದೇ ಹೆಸರು. ಎರ್ಮೆಕ್‌ನ ಹಲ್ಲಿಗಿಂತ ಆ ಹೆಸರು ನೋಡಿಯೇ ಹೆಚ್ಚು ಹೇಸಿಗೆಯಾಯಿತು.

ನೋರೂಜ್ ಹಬ್ಬಕ್ಕೆ ಆಫೀಸಿನಿಂದ ಎಲ್ಲರಿಗೂ ಒಂದೊಂದು ಹಾಸು ಕೊಟ್ಟಿದ್ದರು. ಖುಷಿಯಿಂದ ಮಂಚದ ಪಕ್ಕ ಹಾಸಿಕೊಂಡಿದ್ದೆ. ಈಗಷ್ಟೇ ಬಗ್ಗಿ ಕೊಂಬುಗಳನ್ನು ಎಣಿಸಿದೆ. ಒಂದು, ಎರಡು. ಮೂರನೆಯದು ಸೊಟ್ಟ.

ಕಾಲು ಮೇಲೆತ್ತಿಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದು ಎಲ್ಲಿ ಕಾಲಿಡಲಿ?