ಪಿಳ್ಳಮ್ಮನ ಮೂರು ದಿನ

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
೧೨ ಸೆಪ್ಟೆಂಬರ್ ೨೦೨೪, ಗುರುವಾರ

ತಮ್ಮ ಮುನೀಂದ್ರನಿಗೆ ಅಕ್ಕನ ಆಶೀರ್ವಾದಗಳು.

ಆಶೀರ್ವಾದ ಎಂದು ಬರೆಯುವಾಗ ಕೈ ತಡೆಯಿತು. ದೊಡ್ಡವರಾದವರು ಆ ಮಾತನ್ನು ಬಿಡಬಾರದು ಎನ್ನುತ್ತಿದ್ದಳು ಅಮ್ಮ, ಅದಕ್ಕೇ ಇರಲಿ. ಕುಪ್ಪಂನಲ್ಲಿ ಕ್ಷೇಮವೇ? ನಿನ್ನ ಮಂಡಿ ಹೇಗಿದೆ? ಐವತ್ತೆಂಟಕ್ಕೆ ನಮ್ಮ ಮನೆತನದವರ ಮಂಡಿ ಮಾತಾಡಲು ಶುರು ಮಾಡುತ್ತದೆ. ನೋವಿದ್ದರೆ ನಿನ್ನದೇ ಪುಡಿಯನ್ನು ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಬಿಸಿನೀರಿನಲ್ಲಿ ತೆಗೆದುಕೊಳ್ಳುತ್ತಿದ್ದೀಯಾ? ಇಲ್ಲವೆಂದು ನನಗೆ ಗೊತ್ತು. ಯುಗಾದಿಗೆ ಬಂದಾಗ ನಿನ್ನ ಚೀಲದ ಬದಿಯ ಜೇಬಿನಲ್ಲಿ ಮೆಡಿಕಲ್ ಶಾಪಿನ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು. ನೋಡಿಯೂ ನೋಡದ ಹಾಗಿದ್ದೆ. ಅವತ್ತೇ ಬಾಯಿ ಬಿಟ್ಟಿದ್ದರೆ ನಿನ್ನ ಭಾವನ ಎಡಗಾಲಿನಲ್ಲಿ ಇವತ್ತು ಐದೂ ಬೆರಳು ಇರುತ್ತಿದ್ದವು.

ಈಗ ಮೂರಿವೆ. ಕಿರುಬೆರಳು, ಅದರ ಪಕ್ಕದ್ದು ಎರಡನ್ನೂ ಆಗಸ್ಟ್ ತಿಂಗಳಲ್ಲಿ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ತೆಗೆದರು. ನಿನಗೆ ಫೋನಿನಲ್ಲಿ ತಿಳಿಸಿದಾಗ, ಪಥ್ಯ ಸರಿಯಾಗಿ ಮಾಡಿರುವುದಿಲ್ಲ ಎಂದೆಯಲ್ಲ, ಆ ಮಾತನ್ನು ನಾನು ತಾರೀಖಿನ ಸಮೇತ ನೆನಪಿಟ್ಟುಕೊಂಡಿದ್ದೇನೆ. ನಿನ್ನ ಭಾವ ನಗುತ್ತಲೇ ಇದ್ದಾರೆ. ಡ್ರೆಸ್ಸಿಂಗ್ ಮಾಡುವ ಹುಡುಗಿಗೆ, ‘ಉಗುರು ಕತ್ತರಿಸೋ ಕೆಲಸ ಕಮ್ಮಿ ಆಯ್ತು ಬಿಡಮ್ಮ’ ಅಂದರು. ಅವಳು ಆಚೆ ಹೋದಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಯಂತ್ರಗಳ ಮಧ್ಯೆ ನಿಂತು ಒಂದು ಬೆರಳೂ ಕಳೆದುಕೊಳ್ಳದ ವೆಂಕಟರಾಮಪ್ಪನವರು ಮನೆಯಲ್ಲಿ ಕೂತು, ಬಾಮೈದ ಕೊಟ್ಟ ಪುಡಿ ತಿಂದು ಎರಡು ಬೆರಳು ಕಳೆದುಕೊಂಡರು.

ತಿನ್ನಿಸಿದವಳು ನಾನೇ. ಅದನ್ನು ನಿನ್ನ ಲೆಕ್ಕಕ್ಕೆ ತಳ್ಳುವುದಿಲ್ಲ. ಇಪ್ಪತ್ತಾರು ವರ್ಷ ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದವಳು, ಪತ್ರಿಕೆಯಲ್ಲಿ ತಪ್ಪು ಬಂದರೆ ಸಂಪಾದಕರಿಗೆ ಕಾಗದ ಹಾಕುವವಳು, ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆ ಎಂದು ಓದಲಿಲ್ಲ. ಅಲ್ಲಿ ಅಮ್ಮನ ಮುಖ ಇತ್ತು. ‘ಪಿಳ್ಳಮ್ಮನ ಮಂಡಿ ಪುಡಿ, ಅಪ್ಪಟ ಸೊಪ್ಪಿನದು.’ ಅಮ್ಮನ ಮುಖ ಕಂಡಮೇಲೆ ಅಕ್ಷರ ಯಾಕೆ ಬೇಕು ಅನ್ನಿಸಿತು. ನನ್ನ ಅಷ್ಟೂ ಓದಿಗೆ ನೀನು ಹಾಕಿದ ಬೀಗ ಅದು. ಇನ್ನೊಂದು ಕಡೆ ನೀನು ಭಾವನಿಗೆ ಗುಟ್ಟಾಗಿ ಫೋನ್ ಮಾಡಿ, ‘ಭಾವ, ಆ ಸಕ್ಕರೆ ಮಾತ್ರೆ ಬಿಡು, ಎಲ್ಡೂ ಒಟ್ಗೆ ಆಗಿಬರಲ್ಲ, ಅಕ್ಕಂಗೆ ಏಳ್ಬೇಡ’ ಅಂದಿದ್ದೆ. ಅವರು ಬಿಟ್ಟರು. ನನಗೆ ಹೇಳಲಿಲ್ಲ.

ಪುಡಿ ತಿಂದ ಮೊದಲ ವಾರದಲ್ಲೇ ಅವರ ಮಂಡಿ ನೋವು ಮಾಯವಾಯಿತು. ಮಾರಿಕುಪ್ಪಂ ಸ್ಟೇಷನ್ನಿನವರೆಗೆ ನಡೆದು ಹೋಗಿ ಬಂದರು. ಜೂನ್ ಹೊತ್ತಿಗೆ ಒಣಗಿದ್ದ ಕೆನ್ನೆಗಳು ದುಂಡಗಾದವು. ಪಕ್ಕದ ಲೈನ್ ಮನೆಗಳ ಪೆದ್ದಮ್ಮ ನಲ್ಲಿಯ ಹತ್ತಿರ ನಿಂತು, ‘ಏನ್ ದ್ಯಾವಮ್ಮ, ನಿನ್ ಗಂಡ ಮದ್ವೆ ಗಂಡಿನಂಗೆ ಆಗವ್ನೆ, ಒಸಿ ಉಷಾರಾಗಿರು’ ಎಂದು ಆಡಿಕೊಂಡಳು. ನಾನೂ ನಕ್ಕೆ. ಅಷ್ಟೇ ಅಲ್ಲ, ದೃಷ್ಟಿಯಾದೀತು ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ, ಮುನೀಂದ್ರ. ರೋಗಕ್ಕೆ ದೃಷ್ಟಿ ತೆಗೆದ ಹೆಂಡತಿ ನಾನೊಬ್ಬಳೇ ಇರಬೇಕು. ಜುಲೈನಲ್ಲಿ ಚಪ್ಪಲಿ ಉಜ್ಜಿ ಆದ ಗಾಯ ಒಣಗಲಿಲ್ಲ. ಡಾಕ್ಟರ್ ಭಾರ್ಗವಿ, ನಮ್ಮ ಮಕ್ಕಳ ವಯಸ್ಸಿನವಳು, ಗಾಯ ನೋಡುವ ಮೊದಲು ಮುಖ ನೋಡಿದಳು. ಯಾವ ಪುಡಿ ತಿಂತಿದ್ದೀರ ಎಂದು ಕೇಳಿದಳು. ಮುಖ ತುಂಬಿಕೊಂಡದ್ದಲ್ಲ, ಊದಿಕೊಂಡದ್ದು ಎಂದಳು.

ಪೊಟ್ಟಣವನ್ನು ಅವಳೇ ಬೆಂಗಳೂರಿನ ಲ್ಯಾಬಿಗೆ ಕಳುಹಿಸಿದಳು. ಸ್ಟೀರಾಯ್ಡ್ ಇದೆ, ನೋವಿನ ಮಾತ್ರೆಯೂ ಅರೆದು ಸೇರಿದೆ ಎಂದು ವರದಿ ಬಂದಿದೆ. ಸಕ್ಕರೆಯ ಮಾತ್ರೆ ಬಿಡಿಸಿ ಸಕ್ಕರೆ ಏರಿಸುವ ಪುಡಿ ಕೊಟ್ಟಿದ್ದೀಯ. ಅಮ್ಮನ ಸೊಪ್ಪನ್ನಾದರೂ ಹಾಕಿದ್ದೆಯಾ? ಅದನ್ನು ವರದಿ ಹೇಳುವುದಿಲ್ಲ, ನೀನೇ ಹೇಳಬೇಕು.

ಅಮ್ಮ ಆ ಸೊಪ್ಪನ್ನು ಯಾರ ಬಾಯಿಗೂ ಹಾಕಿದವಳಲ್ಲ. ರಸ ಹಿಂಡಿ ಎಳ್ಳೆಣ್ಣೆಯಲ್ಲಿ ಕಾಯಿಸಿ ಮಂಡಿಗೆ ತಿಕ್ಕುತ್ತಿದ್ದಳು. ಕ್ಯಾಸಂಬಳ್ಳಿ ಸುತ್ತಿನವರು ಭಾನುವಾರ ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಒಂದು ವೀಳ್ಯದೆಲೆ, ಒಂದು ಅಡಿಕೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಎಲ್ಲರಿಗೂ ಒಂದೇ ಮಾತು: ‘ಮೂರ್ ದಿನ ನಂದು. ನಾಕ್ನೇ ದಿನಾನೂ ನೋವಿದ್ರೆ ನನ್ ತಾವ ಬರ್ಬ್ಯಾಡ, ಡಾಕ್ಟ್ರು ತಾವ ಓಗು.’ ನೀನು ಅವಳ ಮುಖ ತೆಗೆದುಕೊಂಡೆ, ಹೆಸರು ತೆಗೆದುಕೊಂಡೆ, ಈ ಮಾತೊಂದನ್ನು ಬಿಟ್ಟೆ. ಆ ಮಾತೇ ಅವಳ ಔಷಧವಾಗಿತ್ತು.

ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ೧೯೭೪, ನಿನಗೆ ಎಂಟು ವರ್ಷ, ನನಗೆ ಹನ್ನೆರಡು. ಕೆಮ್ಮು, ಜ್ವರ, ಪಕ್ಕೆ ಎಳೆತ. ಮೂರು ದಿನ ದೊಡ್ಡಪತ್ರೆ ರಸ, ತುಳಸಿ, ಜೇನು ಎಲ್ಲ ಆಯಿತು. ನಾಲ್ಕನೇ ಬೆಳಿಗ್ಗೆ ಅಮ್ಮ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಬಂಗಾರಪೇಟೆಗೆ ಹೊರಟಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಸೂಜಿ ಚುಚ್ಚಿಸಿದರೆ ನಿನ್ನ ಕೈಗುಣ ಹೋಗುತ್ತದೆ, ನಾಳೆಯಿಂದ ಯಾರೂ ಬರುವುದಿಲ್ಲ ಎಂದಳು. ‘ಸೊಪ್ಪೂ ನಂದು, ಮಗಾನೂ ನಂದು. ಸೊಪ್ಪು ಸೋತ್ರೆ ಸೋಲ್ಲಿ’ ಎಂದು ಅಮ್ಮ ಅತ್ತೆಯನ್ನು ಪಕ್ಕಕ್ಕೆ ಸರಿಸಿ ನಡೆದಳು. ಹಿಂದೆ ನಿನ್ನ ಕಂಬಳಿ ಹಿಡಿದುಕೊಂಡು ಓಡಿದವಳು ನಾನು. ಹನ್ನೊಂದು ಸೂಜಿ ಹಾಕಿಸಿಕೊಂಡು ಬದುಕಿದ ನೀನು, ಇವತ್ತು ವೇದಿಕೆಯ ಮೇಲೆ ನಿಂತು ಇಂಗ್ಲಿಷ್ ಔಷಧಿ ವಿಷ ಎನ್ನುತ್ತೀಯ.

ಸೊಪ್ಪಿನ ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂದು ಅಮ್ಮ ನಮ್ಮಿಬ್ಬರಿಂದ ದೀಪದ ಮುಂದೆ ಆಣೆ ಮಾಡಿಸಿದ್ದಳು. ಕಟ್ಟಿಕೊಂಡ ಗಂಡನಿಗೂ ಹೇಳದೆ ಇಟ್ಟಿದ್ದೆ. ನೀನು ಬದುಕುತ್ತಿರುವುದು ಆ ಗುಟ್ಟಿನ ಮೇಲೆ. ಅದಕ್ಕೇ ಮೊನ್ನೆ ಸೋಮವಾರ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯವರೆಗೆ ಕರಪತ್ರ ಹಂಚಿದೆ. ಮೇಲೆ ಸೊಪ್ಪಿನ ಹೆಸರು: ಕನ್ನಡದಲ್ಲಿ ಲಕ್ಕಿ, ತಮಿಳಿನಲ್ಲಿ ನೊಚ್ಚಿ, ತೆಲುಗಿನಲ್ಲಿ ವಾವಿಲಿ. ಕೆಳಗೆ ಎಣ್ಣೆ ಕಾಯಿಸುವ ಕ್ರಮ, ಅದರ ಕೆಳಗೆ ದಪ್ಪಕ್ಷರದಲ್ಲಿ ಮೂರು ದಿನದ ಮಾತು, ನಿನ್ನ ಪುಡಿಯನ್ನು ನಂಬಬೇಡಿ ಎಂಬ ಒಂದು ಸಾಲು. ಕಿಟಕಿಯ ಪಕ್ಕದ ಮುದುಕರು, ಗಣಿಯಲ್ಲಿ ದುಡಿದವರು, ಓದಿ ನೋಡಿ, ‘ಅಯ್ಯೋ, ನೊಚ್ಚಿನಾಮ್ಮಾ? ನಮ್ ಲೈನ್ ಹಿಂದೆ ಬೆಳ್ದಿದೆ, ಮೇಕೆ ಕೂಡ ಮೂಸಲ್ಲ’ ಎಂದರು. ಬೋಗಿಯೆಲ್ಲ ನಕ್ಕಿತು. ನಿನ್ನ ಮನೆತನದ ಮಹಾ ರಹಸ್ಯ ಹಾಗೆ ಮುಗಿಯಿತು. ಆಣೆ ಮುರಿದ ಪಾಪ ನನಗಿರಲಿ. ಗುಣವೇನೂ ಹೋಗಿಲ್ಲ: ನಿನ್ನೆಯೂ ನಿನ್ನ ಭಾವನ ಮಂಡಿಗೆ ಅದೇ ಎಣ್ಣೆ ತಿಕ್ಕಿದೆ. ಭಾರ್ಗವಿ ಬೇಡ ಅನ್ನಲಿಲ್ಲ, ಮಂಡಿಗೆ ಹಚ್ಚಿ, ಗಾಯದ ಹತ್ತಿರ ಬೇಡ, ಸಕ್ಕರೆಯ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಕೂಡದು ಎಂದಳು. ಅಮ್ಮ ಬದುಕಿದ್ದರೆ ಆ ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಬೆಲ್ಲ ಕೊಡುತ್ತಿದ್ದಳು.

ಈ ಇಪ್ಪತ್ತೆರಡರ ಭಾನುವಾರ ಬಂಗಾರಪೇಟೆಯಲ್ಲಿ ನಿನ್ನ ಉಚಿತ ಶಿಬಿರವಂತೆ. ಬ್ಯಾನರ್ ನೋಡಿದೆ, ಅಲ್ಲೂ ಅದೇ ಮುಖ. ಆ ಫೋಟೋದ ಪೂರ್ತಿ ಪ್ರತಿ ನನ್ನ ಟ್ರಂಕಿನಲ್ಲಿದೆ. ತೊಂಬತ್ತೆಂಟರಲ್ಲಿ ಅಮ್ಮ ನ್ಯುಮೋನಿಯಾದಿಂದ ಎದ್ದು ಆಸ್ಪತ್ರೆಯಿಂದ ಆಚೆ ಬಂದ ದಿನ, ಸ್ಟೇಷನ್ ಎದುರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಡಾಕ್ಟರ ಚೀಟಿಯನ್ನೂ ಮಾತ್ರೆಯ ಕವರನ್ನೂ ಎದೆಗೆ ಹಿಡಿದು ನಿಂತು, ‘ಇವೂ ಬೀಳ್ಲಿ ಪಟದಾಗೆ, ನಂಗೆ ಉಸ್ರು ಕೊಟ್ಟಿದ್ದು ಇವೇಯ’ ಅಂದಿದ್ದಳು. ನೀನು ಕುತ್ತಿಗೆಯ ಕೆಳಗೆ ಕತ್ತರಿಸಿ ಚೀಟಿಯನ್ನು ಬಿಸಾಕಿದೆ. ನಾನು ಪೂರ್ತಿ ಚಿತ್ರವನ್ನು ಆಳೆತ್ತರಕ್ಕೆ ಹಾಕಿಸಿದ್ದೇನೆ. ಶಿಬಿರದ ಬಾಗಿಲಲ್ಲಿ ಅಮ್ಮ ಚೀಟಿ ಹಿಡಿದು ನಿಂತಿರುತ್ತಾಳೆ, ಪಕ್ಕದಲ್ಲಿ ಕುರ್ಚಿಯ ಮೇಲೆ ನಿನ್ನ ಭಾವ ಎಡಗಾಲು ಚಾಚಿ ಕೂತಿರುತ್ತಾರೆ. ಒಳಗೆ ಹೋಗುವವರೆಲ್ಲ ಅವರಿಬ್ಬರನ್ನೂ ದಾಟಿಯೇ ಹೋಗಬೇಕು. ಮೊದಲು ದಾಟುವವನು ನೀನು.

ಮನೆಯವರಿಗೆ ನನ್ನ ನೆನಪು ಹೇಳು. ಅವರ ಮೇಲೆ ನನಗೇನೂ ಇಲ್ಲ.

ಇಂತು,
ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ದ್ಯಾವಮ್ಮ

ವಿ.ಸೂ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಆದರೆ ಹೇಳಬೇಕಾದದ್ದು ಇದೇ. ತಿಂಗಳುಗಟ್ಟಲೆ ಈ ಪುಡಿ ತಿಂದವರು ಒಮ್ಮೆಗೇ ಬಿಟ್ಟರೂ ಜೀವಕ್ಕೆ ಅಪಾಯ, ಡಾಕ್ಟರ ಕಣ್ಣಳತೆಯಲ್ಲೇ ಇಳಿಸಬೇಕು ಎಂದಿದ್ದಾಳೆ ಭಾರ್ಗವಿ. ನನ್ನ ಕರಪತ್ರ ಓದಿ ಯಾರಾದರೂ ತಾವಾಗಿ ಬಿಟ್ಟುಬಿಟ್ಟಾರು ಎಂಬ ಹೆದರಿಕೆಯಲ್ಲಿ ಸೋಮವಾರದಿಂದ ನಾನು ನಿದ್ದೆ ಮಾಡಿಲ್ಲ. ಗಿರಾಕಿಗಳ ಹೆಸರು, ಫೋನ್ ನಂಬರು ಇರುವ ನಿನ್ನ ನೀಲಿ ಡೈರಿ ಇದೆಯಲ್ಲ, ಅದರ ಒಂದೊಂದು ಪುಟದ ಫೋಟೋವನ್ನೂ ಅವಳಿಗೆ ಕಳುಹಿಸು. ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಕಳುಹಿಸಿದರೆ ಬಿಟ್ಟುಬಿಡುತ್ತೇನೆ ಎಂದುಕೊಳ್ಳಬೇಡ. ಕಳುಹಿಸಿದರೆ ಔಷಧ ನಿಯಂತ್ರಣದವರ ಕಚೇರಿಗೆ ನೀನೇ ನಡೆದು ಹೋಗುತ್ತೀಯ, ನಿನ್ನ ಕಂಬಳಿ ಹಿಡಿದು ಓಡಿದವಳು ಅಲ್ಲಿಗೂ ಜೊತೆಗೆ ಬರುತ್ತಾಳೆ. ಕಳುಹಿಸದಿದ್ದರೆ ಅವರೇ ನಿನ್ನ ಮನೆಗೆ ಬರುತ್ತಾರೆ, ಆಗ ದಾರಿ ತೋರಿಸುವವಳೂ ನಾನೇ. ಈ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಬರುತ್ತಿದೆ. ನೀನು ಸಹಿ ಹಾಕಿದ ಕಾರ್ಡು ತಾರೀಖಿನೊಂದಿಗೆ ನನಗೆ ವಾಪಸು ಬರುತ್ತದೆ. ಆ ತಾರೀಖಿನಿಂದ ಮೂರು ದಿನ ನಂದು.